ಚರ್ಚಿನ ಎತ್ತರದ ಬಾಗಿಲು

ಕತ್ತು ಹಿಡಿದುಕೊಂಡವನಿಗೆ ಊರಿನ ಬಾಗಿಲುಗಳ ಎತ್ತರ ಎಷ್ಟು ಚೆನ್ನಾಗಿ ತಿಳಿಯುತ್ತದೋ ಅಷ್ಟು ಚೆನ್ನಾಗಿ ಅವುಗಳನ್ನು ಕಟ್ಟಿದ ಗೌಂಡಿಗೂ ತಿಳಿದಿರಲಿಕ್ಕಿಲ್ಲ. ಕಳೆದ ಬೇಸಿಗೆಯ ಕೊನೆಯಲ್ಲಿ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ವರ್ಷಾನುಗಟ್ಟಲೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಯೂ ನನಗೆ ದಕ್ಕದೆ ಉಳಿದಿದ್ದ ಗಾಂಭೀರ್ಯವನ್ನು ನನ್ನ ಕತ್ತು ರಾತ್ರೋರಾತ್ರಿ ಸಂಪಾದಿಸಿಕೊಂಡು, ಧ್ವಜಸ್ತಂಭದಂತೆ ನೆಟ್ಟಗೆ ನಿಂತುಬಿಟ್ಟಿದೆ. ಎಡಕ್ಕೆ ಹೊರಳದು, ಬಲಕ್ಕೆ ಹೊರಳದು, ಮುಖ್ಯವಾಗಿ ಕೆಳಗೆ ಬಗ್ಗದು. ಸಂತೆಗೆ ಹೋದರೆ ತರಕಾರಿಯನ್ನು ನೋಡುವ ಬದಲು ತರಕಾರಿ ಮಾರುವವಳ ಮುಖವನ್ನೇ ದಿಟ್ಟಿಸಬೇಕಾದ ಫಜೀತಿ. ಎದುರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, “ಏನ್ರಿ ಸರ್, ರಿಟೈರ್ ಆದ ಮ್ಯಾಲೆ ಭಾಳ ಸೊಕ್ಕು ಬಂದಂಗ ಐತಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗುತ್ತ ಹೋದ.

ನಮ್ಮ ಯಲಬುರ್ಗಾದ ಹಳೆಯ ಮನೆಗಳಿಗೆ ಗೋಡೆ ದಪ್ಪ, ಬಾಗಿಲು ಗಿಡ್ಡ. ಬಿಸಿಲು ಒಳಗೆ ಬಾರದಿರಲೆಂದು ಹೀಗೆ ಕಟ್ಟಿದರೆಂದು ಕೆಲವರು, ಕುದುರೆಯೇರಿ ಬಂದ ದಂಡಿನವರು ಸೀದಾ ನುಗ್ಗದಿರಲೆಂದು ಇನ್ನು ಕೆಲವರು, ಬಂದ ಅತಿಥಿ ಇಷ್ಟವಿರಲಿ ಬಿಡಲಿ ಮೊದಲು ಮನೆಗೊಂದು ನಮಸ್ಕಾರ ಹಾಕಲೆಂದು ಮತ್ತೆ ಕೆಲವರು ಹೇಳುತ್ತಾರೆ. ಕಾರಣ ಏನೇ ಇರಲಿ, ಈ ಸೀಮೆಯಲ್ಲಿ ಬೆಳೆದವರ ಕುತ್ತಿಗೆಗೆ ಬಾಗಿಲು ಕಂಡೊಡನೆ ತಾನಾಗಿ ತಗ್ಗುವ ಅಭ್ಯಾಸ ಬಿದ್ದುಹೋಗಿದೆ. ನಮ್ಮವರು ಬ್ಯಾಂಕಿನ ಗಾಜಿನ ಬಾಗಿಲಿನಲ್ಲೂ ತಲೆ ತಗ್ಗಿಸುತ್ತಾರೆ, ಕುಷ್ಟಗಿ ಬಸ್ಸು ಹತ್ತುವಾಗಲೂ ತಗ್ಗಿಸುತ್ತಾರೆ. ತಗ್ಗಿಸುವ ಈ ಸೌಲಭ್ಯ ಕಳೆದುಕೊಂಡ ನಾನು ಆ ವಾರ ನಮ್ಮ ಮನೆಯ ಬಾಗಿಲಿಗೂ ದೇವರ ಕೋಣೆಯ ಬಾಗಿಲಿಗೂ ಸಮಾನ ಭಕ್ತಿಯಿಂದ ಹಣೆ ಬಡಿಸಿಕೊಂಡೆ. ಕೊನೆಗೆ ನನ್ನ ಹೆಂಡತಿ ಬೇಸತ್ತು, “ಹೊರಗ ಖುರ್ಚಿ ಹಾಕ್ತೀನಿ, ಕತ್ತು ಇಳಿಯೂ ತನಕ ಅಲ್ಲೇ ಕೂಡ್ರಿ” ಎಂದು ತೀರ್ಪು ಕೊಟ್ಟಳು.

ಹೊರಗೆ ಕುಳಿತವನನ್ನು ನೋಡಿದವರೆಲ್ಲರೂ ಒಂದೇ ಹೆಸರು ಹೇಳಿದರು: ರೆಬೆಕ್ಕಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದ ಈ ಮಹಾತಾಯಿ ಒಂದು ಕಾಲಕ್ಕೆ ಊರಿನ ಅರ್ಧದಷ್ಟು ಮಕ್ಕಳನ್ನು ಭೂಮಿಗೆ ಬರಮಾಡಿಕೊಂಡವರು. ಈಗ ಅದೇ ಮಕ್ಕಳ ಕತ್ತು, ಸೊಂಟ, ಮೀನಖಂಡಗಳನ್ನು ಎಣ್ಣೆ ಹಚ್ಚಿ ತಿದ್ದುವುದು ಅವರ ವಾನಪ್ರಸ್ಥ. ಗಿಡ್ಡ ದೇಹ, ದಪ್ಪ ಕನ್ನಡಕ, ಯಾರನ್ನೂ ಹೆದರಿಸಬಲ್ಲ ದನಿ. ಮಧ್ಯಾಹ್ನದ ಹೊತ್ತು ಅವರು ಮನೆಯಲ್ಲಿರುವುದಿಲ್ಲ, ಊರ ಹಳೆಯ ಚರ್ಚಿನ ಪಡಸಾಲೆಯಲ್ಲಿ ತಂಪಿಗೆ ಕುಳಿತಿರುತ್ತಾರೆ ಎಂದು ತಿಳಿದು ಅಲ್ಲಿಗೇ ಹೋದೆ. ಚಪ್ಪಲಿ ಕಳಚಿ, ಹಣೆಗೆ ಬೀಳಲಿರುವ ಹೊಸ ಪೆಟ್ಟಿಗೆ ಮನಸ್ಸನ್ನು ಸಿದ್ಧಮಾಡಿಕೊಂಡು, ಕಣ್ಣುಮುಚ್ಚಿ ಹೆಜ್ಜೆಯಿಟ್ಟೆ. ಏನೂ ತಾಗಲಿಲ್ಲ. ಕಣ್ಣು ತೆರೆದರೆ ಬಾಗಿಲ ಮೇಲಿನ ಕಲ್ಲುತೊಲೆ ಎಲ್ಲೋ ಮೇಲೆ, ನನ್ನ ಮೇಲೆ ಇನ್ನೊಬ್ಬ ನಾನು ಕುಳಿತರೂ ಸಾಲುವಷ್ಟು ಎತ್ತರದಲ್ಲಿತ್ತು.

ನನ್ನ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ನಾನು ಈ ಭಾಗದ ಸ್ವಯಂಘೋಷಿತ ಸ್ಥಳಪುರಾಣಿಕ. ಹೊರಗಿನಿಂದ ನೆಂಟರಿಷ್ಟರು ಬಂದರೆ ಇಟಗಿಯ ದೇವಾಲಯದ ಮುಂದೆ ನಿಲ್ಲಿಸಿ ಅಧಿಷ್ಠಾನ, ಭಿತ್ತಿ, ಶಿಖರ ಎಂದು ಅವರ ಹೊಟ್ಟೆ ಹಸಿಯುವವರೆಗೂ ವಿವರಿಸುತ್ತೇನೆ. ಆನೆಗೊಂದಿಗೆ ಕರೆದೊಯ್ದು ಬಂಡೆಬಂಡೆಗೂ ಪರಿಚಯ ಮಾಡಿಸುತ್ತೇನೆ. ವಿರೂಪಾಪುರಗಡ್ಡೆಯ ಭತ್ತದ ಗದ್ದೆಯ ನಡುವೆ ನಿಂತು ಹೊಳೆಯಾಚೆಯ ಹಂಪಿಯನ್ನು ಸ್ವಂತ ಆಸ್ತಿಯಂತೆ ಬೆರಳು ಮಾಡಿ ತೋರಿಸುತ್ತೇನೆ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಇರುವ ಈ ಚರ್ಚನ್ನು ಮಾತ್ರ, ಬಸ್ಸು ತಪ್ಪೀತೆಂಬ ಅವಸರದಲ್ಲಿ, ಅದರ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನಷ್ಟೇ ನೋಡಿ ದಾಟುತ್ತ ಬಂದಿದ್ದೆ. ರೆಬೆಕ್ಕಮ್ಮ ಬೆಂಚಿನ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ, “ಅಲ್ಲಾಡಬ್ಯಾಡ್ರಿ, ಮ್ಯಾಲೆ ನೋಡ್ರಿ” ಎಂದು ಗದರಿಸಿದ್ದರಿಂದ, ಬೇರೆ ದಾರಿಯಿಲ್ಲದೆ ನೋಡತೊಡಗಿದೆ.

ನೋಡುತ್ತ ಹೋದಂತೆ ನನಗೆ ನಗುವೂ ಬಂತು, ಬೆರಗೂ ಆಯಿತು. ನಿಜಾಮರ ಕಾಲದಲ್ಲಿ ಯಾರೋ ದೂರದೇಶದ ಪಾದ್ರಿಯೊಬ್ಬರು ತಮ್ಮ ಊರಿನ ಚರ್ಚಿನ ಚಿತ್ರ ತೋರಿಸಿ ಇಂಥದೇ ಬೇಕೆಂದು ಹೇಳಿದ್ದಿರಬೇಕು. ನಮ್ಮ ಗೌಂಡಿಗಳು ಭಕ್ತಿಯಿಂದ ತಲೆಯಾಡಿಸಿ, ತಮಗೆ ಬರುತ್ತಿದ್ದುದನ್ನೇ ಕಟ್ಟಿದ್ದಾರೆ. ಕಿಟಕಿಗಳ ಕಮಾನು ಥೇಟ್ ಮಸೀದಿಯದು. ಕಂಬಗಳು ಗುಡಿಯವು, ಬುಡ ಚೌಕ, ನಡುವೆ ಎಂಟು ಮುಖ, ಮೇಲೆ ದುಂಡು. ಕಲ್ಲಿನ ಶಿಲುಬೆ ಕೆತ್ತಿದ ಶಿಲ್ಪಿಗೆ ದೇವರೆಂದ ಮೇಲೆ ಪೀಠವಿಲ್ಲದೆ ನಿಲ್ಲಿಸಲು ಮನಸ್ಸು ಬಂದಿಲ್ಲ, ಕೆಳಗೆ ಸೊಗಸಾದೊಂದು ಪದ್ಮಪೀಠವನ್ನು ಸೇರಿಸಿದ್ದಾನೆ. ಗೋಡೆಯಲ್ಲಿ ನಮ್ಮ ಮನೆಗಳಲ್ಲಿರುವಂಥದೇ ದೀಪದ ಗೂಡುಗಳು, ನೆಲಕ್ಕೆ ಕಾಲು ತಂಪಾಗುವ ಶಹಾಬಾದ್ ಕಲ್ಲು, ಆ ಕಲ್ಲಿನ ಮೇಲೆ ಜಮಖಾನೆ. ಮೂರು ಮತದ ಕೈಗಳು ಒಂದು ಕಟ್ಟಡದಲ್ಲಿ ಹೀಗೆ ಸದ್ದಿಲ್ಲದೆ ಬೆರೆತು, ಯಾವುದು ಯಾರದೆಂಬ ತಂಟೆಯಿಲ್ಲದೆ ನಿಂತಿರುವುದನ್ನು ಕಂಡು ನನ್ನ ಮನಸ್ಸು ನಿಜಕ್ಕೂ ಅರಳಿತು. ಎಲ್ಲವೂ ಹದವಾಗಿದೆ, ಆ ಬಾಗಿಲೊಂದು ಮಾತ್ರ ಪ್ರಮಾಣ ತಪ್ಪಿದೆ ಎಂದು ವಿದ್ವತ್ಪೂರ್ಣವಾಗಿ ಆಕ್ಷೇಪಿಸಿದೆ. ರೆಬೆಕ್ಕಮ್ಮ ನನ್ನ ಕತ್ತನ್ನು ಅಗತ್ಯಕ್ಕಿಂತ ತುಸು ಜೋರಾಗಿಯೇ ತಿರುವಿದರು.

“ಅದನ್ನ ಬೇಡಿ ಮಾಡಿಸ್ಕೊಂಡಾರ್ರಿ ನಮ್ಮ ಹಿರೇರು,” ಎಂದರು. ಅವರ ಮುತ್ತಜ್ಜನ ಕಾಲದವರ ಗುಡಿಸಲುಗಳ ಬಾಗಿಲು ಎದೆಮಟ್ಟದವಂತೆ. ಬದುಕಿರುವಾಗ ಬಗ್ಗಿ ಓಡಾಡಿದ್ದಾಯಿತು. ಸತ್ತಾಗಲೂ ಹೆಣವನ್ನು ಹೆಗಲ ಮೇಲೆ ಹೊರಗೆ ತರುವಂತಿರಲಿಲ್ಲ, ನೆಲಕ್ಕೆ ಇಳಿಸಿ, ಹೊಸ್ತಿಲ ಮೇಲೆ ಎಳೆದು, ಆಚೆ ಹೋಗಿ ಎತ್ತಿಕೊಳ್ಳಬೇಕಾಗಿತ್ತು. ಅದಕ್ಕೇ ಅವರು ಗೌಂಡಿಯ ಹತ್ತಿರ ಕೇಳಿದ್ದು ಒಂದೇ: ನಮ್ಮವರು ಸತ್ತರೆ ಹೆಗಲಿನಿಂದ ಇಳಿಸದೆ ಈ ಬಾಗಿಲಿನಿಂದ ಹೊತ್ತುಕೊಂಡು ಹೋಗುವಂತಿರಬೇಕು. ಗಂಡನನ್ನೂ ತಾಯಿಯನ್ನೂ ಹಾಗೆಯೇ ಕಳಿಸಿದ್ದೇನೆ, ನಾನೂ ಹಾಗೆಯೇ ಹೋಗುವವಳು ಎಂದು ರೆಬೆಕ್ಕಮ್ಮ, ಮುಂದಿನ ವಾರದ ಗಂಗಾವತಿ ಪ್ರಯಾಣದ ಬಗ್ಗೆ ಮಾತಾಡುವಷ್ಟು ಸಲೀಸಾಗಿ ಹೇಳಿದರು. ಆಮೇಲೆ ಎಣ್ಣೆಯ ಕೈಯನ್ನು ಒರೆಸಿಕೊಳ್ಳುತ್ತ ದನಿ ತಗ್ಗಿಸಿ, ಆ ಬಾಗಿಲು ಈ ಮಳೆಗಾಲ ಕಾಣುವುದಿಲ್ಲವೇನೋ ಎಂದರು.

ಸಂಗತಿ ಇಷ್ಟು. ನಮ್ಮ ಊರಿನ ರಸ್ತೆಗೆ ಡಾಂಬರು ಹಾಕುವಾಗ ಹಳೆಯದನ್ನು ಕೀಳುವ ರೂಢಿಯಿಲ್ಲ, ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ಹೀಗಾಗಿ ರಸ್ತೆ ಬೆಳೆಯುತ್ತ, ಅಕ್ಕಪಕ್ಕದ ಕಟ್ಟಡಗಳು ಕುಗ್ಗುತ್ತ ಬಂದಿವೆ. ಹಿಂದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದ ಚರ್ಚಿಗೆ ಈಗ ಇಳಿದು ಹೋಗಬೇಕು. ಮಳೆ ಬಂದರೆ ಬೀದಿಯ ಕರಿಮಣ್ಣಿನ ರಾಡಿಯೆಲ್ಲ ಆರಾಧನೆಗೆ ಬಂದು ಮೊದಲ ಸಾಲಿನಲ್ಲಿ ಕೂಡುತ್ತದೆ. ಚರ್ಚಿನ ಸಭಾಪಾಲಕರು, ಇಲ್ಲಿ ಎಲ್ಲರ ಬಾಯಲ್ಲೂ ಅವರು ‘ಅಯ್ಯನವರು’, ಹನುಮಸಾಗರದ ಕಡೆಯ ತರುಣ. ಅದರ ಹಿಂದಿನ ಮಳೆಗಾಲವಿಡೀ ಪ್ಯಾಂಟು ಮಡಚಿ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಸೋತಿದ್ದರು. ಒಳಗಿನ ನೆಲವನ್ನು ಎರಡು ಅಡಿ ಭರ್ತಿ ಮಾಡಿ, ಮೇಲೆ ನುಣ್ಣನೆಯ ಟೈಲ್ಸ್ ಹಾಕಿಸಿಬಿಡೋಣ ಎಂಬುದು ಅವರ ಯೋಜನೆ. ನೆಲ ಎರಡು ಅಡಿ ಏರಿದರೆ ಬಾಗಿಲು ಎರಡು ಅಡಿ ಇಳಿದಂತೆಯೇ. ಬರುವ ಭಾನುವಾರ ಆರಾಧನೆಯ ನಂತರ ಸಭೆ ಸೇರಿ ತೀರ್ಮಾನ ಮಾಡುವವರಿದ್ದರು.

ರೆಬೆಕ್ಕಮ್ಮ ನನ್ನ ಕತ್ತಿಗೆ ಶುಲ್ಕ ಕೇಳಲಿಲ್ಲ, ಬದಲಿಗೆ ಆ ಸಭೆಯಲ್ಲಿ ಬಾಗಿಲಿನ ಪರವಾಗಿ ನಾಲ್ಕು ಮಾತಾಡಬೇಕೆಂದರು. ಮಾತಾಡಲು ಕರೆದರೆ ಮದುವೆಯಾದರೇನು, ಮುನಿಸಿಪಾಲಿಟಿಯಾದರೇನು, ಇಲ್ಲವೆನ್ನುವ ಜಾಯಮಾನ ನನ್ನದಲ್ಲ. ಉಪನ್ಯಾಸಕ್ಕೆ ಸಾಮಗ್ರಿ ಬೇಕಲ್ಲ ಎಂದು ಬಜಾರದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಗೆಳೆಯ ಮೌಲಾಸಾಬರ ಬಳಿ ಹೋದೆ; ಚರ್ಚನ್ನು ಕಟ್ಟಿದ ಮುಖ್ಯ ಗೌಂಡಿ ಅವರ ಮುತ್ತಾತನೇ. ಚಹಾ ತರಿಸಿ, ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ಮನೆತನದ ಗುಟ್ಟೊಂದನ್ನು ಮೌಲಾಸಾಬರು ನನಗೆ ಹೇಳಿದರು.

“ನಮ್ಮ ಮುತ್ತಾತ ಗಡಬಡಿಸ್ಯಾನ್ರಿ ಅಲ್ಲಿ,” ಎಂದರು ಅವರು. ಹೆಗಲಿನಿಂದ ಇಳಿಸಬಾರದೆಂದೇನೋ ಚರ್ಚಿನ ಹಿರಿಯರು ಹೇಳಿದರು. ಆದರೆ ಹೊಸ ಮತದವರು; ಹೆಣವನ್ನು ಹೇಗೆ ಒಯ್ಯುತ್ತಾರೋ ಗೌಂಡಿ ಕಂಡವನಲ್ಲ. ಅವನ ಪೈಕಿಯವರು ಮಲಗಿಸಿ ಒಯ್ಯುವವರು. ಊರಿನ ದೊಡ್ಡ ಮನೆಗಳಲ್ಲಾದರೋ, ಈಗಲೂ ನೀವು ನೋಡುತ್ತೀರಿ, ಸತ್ತವರನ್ನು ಕೂಡಿಸಿ, ವಿಮಾನವೆಂಬ ಮಂಟಪ ಕಟ್ಟಿ, ಹೂವಿನಲ್ಲಿ ಅಲಂಕರಿಸಿ, ಭಜನೆಯೊಂದಿಗೆ ಹೊರುತ್ತಾರೆ. ನಿಮ್ಮ ಹೆಣ ಮಲಗಿರುತ್ತದೋ ಕುಳಿತಿರುತ್ತದೋ ಎಂದು ಬದುಕಿರುವವರ ಮುಖ ನೋಡಿ ಕೇಳುವುದು ಹೇಗೆ? ಅದಬಿಗೆ, ಅಂದರೆ ಮರ್ಯಾದೆಗೆ, ಅಂಜಿ ಮುತ್ತಾತ ಕೇಳಲೇ ಇಲ್ಲ, ಕುಳಿತೇ ಹೋಗುತ್ತಾರೆಂದು ಲೆಕ್ಕ ಹಿಡಿದು ಬಾಗಿಲಿಟ್ಟುಬಿಟ್ಟ. ಮೊದಲ ಸಾವಾದಾಗ ಪೆಟ್ಟಿಗೆಯಲ್ಲಿ ಮಲಗಿಸಿ ತಂದದ್ದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ನಿಂತನಂತೆ. “ಯಾರಿಗೂ ಹೇಳಬ್ಯಾಡ್ರಿ ಮತ್ತ,” ಎಂದು ಮೌಲಾಸಾಬರು ನಗುತ್ತ ನನ್ನ ಕೈ ಅದುಮಿದರು.

ಭಾನುವಾರ ಹೋಗಿ ನೋಡಿದರೆ ಅಯ್ಯನವರು ಜಾಣತನದ ಒಂದು ಕೆಲಸ ಮಾಡಿದ್ದರು. ಬಾಗಿಲ ಒಳಬದಿ, ಹೊಸ್ತಿಲಿಗೆ ತಾಗಿದಂತೆ, ಸಿಮೆಂಟ್ ಇಟ್ಟಿಗೆ ಜೋಡಿಸಿ ಹಲಗೆ ಹಾಸಿ, ನೆಲ ಏರಿದರೆ ಹೇಗಿರುತ್ತದೆಂದು ಎಲ್ಲರೂ ಹತ್ತಿ ಇಳಿದು ನೋಡುವಂತೆ ಮಾಡಿದ್ದರು. ಬಂದವರೆಲ್ಲ ಹಲಗೆ ಹತ್ತಿದರು, ವಾಡಿಕೆಯಂತೆ ತಲೆ ತಗ್ಗಿಸಿದರು, ಒಳಗೆ ಹೋದರು. ಆರಾಧನೆ ಮುಗಿದ ಮೇಲೆ ಅಯ್ಯನವರು, “ಯಾರಿಗರ ತ್ರಾಸ ಆತೇನ್ರಿ?” ಎಂದು ಕೇಳಿದರೆ, ಆಗಿದೆ ಎನ್ನಲು ಒಬ್ಬರೂ ಇರಲಿಲ್ಲ. ಎಷ್ಟು ಎತ್ತರದ ಬಾಗಿಲಿದ್ದರೂ ಬಗ್ಗಿಯೇ ಹೋಗುವ ಜನಕ್ಕೆ ಅದು ಗಿಡ್ಡವಾದದ್ದು ಗೊತ್ತಾಗುವುದಾದರೂ ಹೇಗೆ?

ಆಗ ನಾನೆದ್ದೆ. ಗೂಡು, ಕಮಾನು, ಪದ್ಮಪೀಠಗಳನ್ನು ಒಂದೊಂದಾಗಿ ವರ್ಣಿಸುತ್ತ, ಸಮನ್ವಯ, ಸೌಹಾರ್ದ, ಸೌಷ್ಠವ ಎಂದು ಸಕಾರಗಳ ಸರಮಾಲೆ ಹೆಣೆಯುತ್ತ ಹೋದೆ. ಹೆಂಗಸರು ಗೌರವದಿಂದ ಕೇಳಿದರು, ಗಂಡಸರು ಗೌರವದಿಂದ ಆಕಳಿಸಿದರು. ಸಭೆ ಕೈಜಾರುತ್ತಿದೆ ಎನ್ನಿಸಿದಾಗ ಭಾಷಣಕಾರನಾದವನು ತನ್ನಲ್ಲಿರುವ ಅತ್ಯುತ್ತಮ ಕಥೆಯನ್ನು ಹೊರಗೆ ತೆಗೆಯುತ್ತಾನೆ; ಅದನ್ನು ಹೇಳಬಾರದೆಂದು ಯಾರಿಗೆ ಮಾತು ಕೊಟ್ಟಿದ್ದನೆಂಬುದು ಅವನಿಗೆ ಆ ಕ್ಷಣದಲ್ಲಿ ನೆನಪಾಗುವುದಿಲ್ಲ. ಗೌಂಡಿ ಗಡಬಡಿಸಿದ ಕಥೆಯನ್ನು ನಾನು ರಸವತ್ತಾಗಿ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಟೈಲ್ಸ್ ಮಾದರಿ ತೋರಿಸಲೆಂದು ಬಂದು ಹಿಂದೆ ಕುಳಿತಿದ್ದ ಮೌಲಾಸಾಬರು ತಮ್ಮ ಟೋಪಿ ತೆಗೆದು ಅದರೊಳಗೆ ಏನನ್ನೋ ಹುಡುಕತೊಡಗಿದರು.

ನಗು ನಿಂತ ಮೇಲೆ ಅಯ್ಯನವರು ಎದ್ದು, ನನಗೆ ಮನಃಪೂರ್ವಕ ವಂದನೆ ಹೇಳಿದರು. ಅವರ ಮುಖದಲ್ಲಿ ಒಂದಿಷ್ಟೂ ಕುಹಕವಿರಲಿಲ್ಲ. “ಅಂದ್ರ ಮ್ಯಾಲಿನ ಎರಡು ಅಡಿ ತಪ್ಪಿ ಬಂದದ್ದಾತು. ನಾವು ಮಲಗಿಸೇ ಒಯ್ಯವ್ರು. ನೆಲ ಏರಿಸಿದ ಮ್ಯಾಲೂ ಪೆಟಿಗಿ ಹೆಗಲ ಮ್ಯಾಲಿಂದ ಇಳಿಸದಂಗ ಆರಾಮ ಹೋಗ್ತೈತಿ. ಹಿರೇರು ಕೇಳಿದ್ದೂ ಉಳೀತು, ನೀರು ಒಳಗ ಬರೂದೂ ತಪ್ಪಿತು,” ಎಂದರು. ಬಾಗಿಲನ್ನು ಉಳಿಸಲು ಬಂದ ವಕೀಲನೇ ಅದನ್ನು ಕುಯ್ಯಲು ಗರಗಸ ತಂದುಕೊಟ್ಟಂತಾಗಿತ್ತು. ರೆಬೆಕ್ಕಮ್ಮನ ಕಡೆ ನೋಡಬಾರದೆಂದುಕೊಂಡೆ. ದುರದೃಷ್ಟಕ್ಕೆ ನನ್ನ ಕತ್ತು ಅಷ್ಟರಲ್ಲಿ ಪೂರ್ತಿ ವಾಸಿಯಾಗಿ ಎಲ್ಲ ಕಡೆಗೂ ಹೊರಳುತ್ತಿತ್ತು. ಅವರು ಸಿಟ್ಟಾಗಿರಲಿಲ್ಲ. ಹೊಸದೇನನ್ನೋ ಕೇಳಿದವರಂತೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸುತ್ತ, ಬಾಗಿಲನ್ನು ನೋಡುತ್ತ ಕುಳಿತಿದ್ದರು. ಬಳಿಕ ಎದ್ದರು.

“ಅಯ್ಯನವರ ಮಾತು ಖರೆ ಐತಿ,” ಎಂದು ಆರಂಭಿಸಿದರು. “ನಮ್ಮ ಮಂದಿ ಕೇಳಿದ್ದು ಮಲಗಿ ಹೋಗಾಕ. ಆ ಗೌಂಡಿ ನಾವೂ ದೊಡ್ಡ ಮನಿಯವರಂಗ ಕುಂತು ಹೋಗ್ತೀವಿ ಅಂತ ತಿಳಕೊಂಡ. ಹಂಗ ತಿಳಕೊಂಡಾಂವ ಈ ಊರಾಗ ಅವಾ ಒಬ್ಬನ ಇರಬೇಕು. ಕೇಳಿದ್ದಕ್ಕಿಂತ ಹೆಚ್ಚಿಗಿ ಮರ್ಯಾದಿ ನಮಗ ಎಲ್ಲೆರ ಸಿಕ್ಕೈತೇನ್ರಿ? ಸಿಕ್ಕಿದ್ದು ಇದೊಂದ. ತಪ್ಪಿ ಸಿಕ್ಕೈತಿ ಅಂತ ಅದನ್ನ ವಾಪಸ್ ಕೊಡೂದೇನು?”

ರೆಬೆಕ್ಕಮ್ಮ ಅಲ್ಲಿದ್ದ ಒಂದು ಗಿಡ್ಡ ಬೆಂಚಿನ ಮೇಲೆ ಹತ್ತಿ, ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಗಟ್ಟಿಮುಟ್ಟಾದ ನಾಲ್ವರ ಹೆಸರು ಹಿಡಿದು ಕರೆದು, ಬೆಂಚನ್ನು ಹೆಗಲ ಮೇಲೆ ಎತ್ತಿಕೊಂಡು ಬಾಗಿಲಿನಿಂದ ಆಚೆ ಒಯ್ಯಬೇಕೆಂದು ಆಜ್ಞೆ ಮಾಡಿದರು. ನಾಲ್ವರೂ ಹಿಂದೆ ಸರಿದರು. ಜೀವಂತ ಇರುವವರನ್ನು ಹಾಗೆ ಹೊರುವುದು ಅಪಶಕುನವೆಂದು ಹೆಂಗಸರು ಬಾಯಿಗೆ ಸೆರಗು ಹಿಡಿದರು. “ಅಮ್ಮಾ, ಇದೇನ್ರಿ ಇದು, ಇಳೀರಿ,” ಎಂದರು ಅಯ್ಯನವರು. ರೆಬೆಕ್ಕಮ್ಮ ಅವರ ಕಡೆ ನೋಡಲಿಲ್ಲ, ಆ ನಾಲ್ವರಿಗೇ ಹೇಳಿದರು: “ನೀವು ನಾಲ್ಕೂ ಮಂದಿ ಹುಟ್ಟಿದಾಗ ನಿಮ್ಮನ್ನ ಮೊದಲ ಎತ್ತಿದಾಕಿ ನಾನು. ನಾ ಆಗ ಶಕುನ ನೋಡಿದ್ದಿಲ್ಲ. ಇವತ್ತ ನನ್ನ ಒಮ್ಮೆ ಎತ್ರಿ.”

ನಾಲ್ವರೂ ಬೆಂಚಿಗೆ ಹೆಗಲು ಕೊಟ್ಟು ಎತ್ತಿದರು. ರೆಬೆಕ್ಕಮ್ಮ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಸಭೆಯ ಮೇಲೆ ತೇಲುತ್ತ ಬಾಗಿಲ ಕಡೆ ಹೊರಟರು. ಅಲ್ಲಲ್ಲಿ ಕಿಸಕ್ಕೆಂದ ನಗು ಕೇಳಿತು, ನನಗೂ ನಗು ಬಂದಿತ್ತು. ಹೊತ್ತವರು ಹಲಗೆಯ ಮೇಲೆ ಹತ್ತಿದಾಗ ಬಾಗಿಲ ಕಲ್ಲುತೊಲೆ ಆಕೆಯ ಹಣೆಗೆ ಎದುರಾಗಿ ಬಂತು, ಅವರು ನಿಂತರು. ಮುಂದೆ ಹೋಗಬೇಕಾದರೆ ಅವರಾದರೂ ಬೆಂಚನ್ನು ಇಳಿಸಬೇಕು, ಇವರಾದರೂ ಬಗ್ಗಬೇಕು. ರೆಬೆಕ್ಕಮ್ಮ ಕಲ್ಲನ್ನು ನೋಡುತ್ತ ಎಳ್ಳಷ್ಟೂ ಅಲುಗದೆ ಕುಳಿತೇ ಇದ್ದರು.

“ಈಗ ಏನ ಮಾಡ್ಲಿ, ಹೇಳ್ರಿ ಅಯ್ಯನವರ,” ಎಂದರು.

“ಸ್ವಲ್ಪ ತಲಿ ತಗ್ಗಸ್ರಿ ಅಮ್ಮ…” ಎಂದು ಅಯ್ಯನವರು ಶುರುಮಾಡಿದರು. ಆ ಮಾತು ಅವರ ಬಾಯಿಂದ ಹೊರಗೆ ಬರುತ್ತಿದ್ದಂತೆ ಅವರ ಕಿವಿಗೇ ಕೇಳಿಸಿರಬೇಕು, ಅರ್ಧಕ್ಕೆ ನಿಲ್ಲಿಸಿದರು. ಸಮನ್ವಯ, ಸೌಷ್ಠವ ಎಂದು ಅಷ್ಟು ಹೊತ್ತು ಬಡಿದುಕೊಂಡ ನನಗೆ ಆ ಕಟ್ಟಡದ ಅರ್ಥ ಆಗಲೇ ಆದದ್ದು. ಹಳೆಯ ಕಟ್ಟಡಗಳಲ್ಲಿ ನಾವು ಮೆಚ್ಚುವುದು ಕಟ್ಟಿದವರ ಕುಶಲತೆಯನ್ನು. ಅವರು ಮನುಷ್ಯರನ್ನು ಎಷ್ಟು ಎತ್ತರಕ್ಕೆ ಎಣಿಸಿದ್ದರು ಎಂಬುದನ್ನು ಅಳೆದು ನೋಡುವುದಿಲ್ಲ.

ಅಯ್ಯನವರು ಬಂದು, ಹೊತ್ತವರನ್ನು ಜೋಪಾನವಾಗಿ ಹಿಂದಕ್ಕೆ ಸರಿಸಿ, ಮೊಣಕಾಲೂರಿ ಕುಳಿತು ಹಲಗೆಗಳನ್ನು ತಾವೇ ಎತ್ತಿ ಗೋಡೆಗೆ ಒರಗಿಸಿದರು. ಇಟ್ಟಿಗೆ ತೆಗೆಯಲು ಮೌಲಾಸಾಬರು ಸೇರಿಕೊಂಡರು. ನೀರಿನ ಮಾತೇನು ಎಂದು ಯಾರೋ ಕೇಳಿದ್ದಕ್ಕೆ ಅಯ್ಯನವರು, “ಮುಂದ ಗಟಾರ ತೋಡೂಣು. ಅದಕ್ಕೂ ಮೀರಿ ಬಂದ್ರ ಬಕೆಟ್ ಅದಾವಲ್ಲ, ಎಲ್ಲಾರೂ ಬರ್ರಿ,” ಎಂದರು. ದನಿಯಲ್ಲಿ ಸೋಲಿನ ಬೇಸರವಿರಲಿಲ್ಲ.

ದಾರಿ ತೆರವಾಯಿತು. ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿ, ಇನ್ನು ಇಳಿಸೋಣವೇ ಎಂದು ಕೇಳಿದರು. ಬೇಡ, ನಡೆಯಿರಿ ಎಂದು ರೆಬೆಕ್ಕಮ್ಮ ಕೈಮಾಡಿದರು. ನಾಲ್ವರೂ ಶಹಾಬಾದ್ ಕಲ್ಲಿನ ಮೇಲೆ ಹೆಜ್ಜೆಯಿಡುತ್ತ ಬಾಗಿಲೊಳಗೆ ಹೊಕ್ಕರು. ತೊಲೆಯ ಕೆಳಗೆ ಬಂದಾಗ ಆಕೆ ಕತ್ತೆತ್ತಿ, ಬಳೆಯ ಕೈಯನ್ನು ಮೇಲಕ್ಕೆ ಚಾಚಿ, ಬೆರಳ ತುದಿಗೆ ಕಲ್ಲು ಸಿಗುತ್ತದೆಯೇ ಎಂದು ನೋಡಿದರು. ಸಿಗಲಿಲ್ಲ. ಬೆಂಚು ಬಿಸಿಲಿಗೆ ಬಂತು. ಬಸ್ ನಿಲ್ದಾಣದ ಕಡೆ ಹೊರಟಿದ್ದ ಜನ ಗಂಟು ಹಿಡಿದುಕೊಂಡು ನಿಂತುಬಿಟ್ಟರು.

“ಸಾಕು, ಈಗ ಇಳಸ್ರಿ,” ಎಂದರು ರೆಬೆಕ್ಕಮ್ಮ. “ಇನ್ನೊಮ್ಮಿ ಹೊರೂಮುಂದ ಇಳಸಬ್ಯಾಡ್ರಿ.”